ಬಿಗಿ ಕಾಲುಚೀಲ: ಯಾರಿಗೆ ಬೇಕು, ಯಾರಿಗೆ ಬೇಡ, ಆರಿಸುವುದು ಹೇಗೆ

(ಹೊಳೆನರಸೀಪುರ ತಾಲ್ಲೂಕಿನಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಬೆಳಿಗ್ಗೆಯಿಂದ ಕೆಚ್ಚಲು ಬಾವಿನ ಮಾತಾಯಿತು, ಹಸಿರು ಮೇವಿನ ಮಾತಾಯಿತು. ಉಳಿದಿರುವ ಸಮಯದಲ್ಲಿ ರಾಸುಗಳ ಕಾಲು ಬಿಟ್ಟು ನಿಮ್ಮ ಕಾಲಿನ ವಿಚಾರ ಹೇಳಬೇಕೆಂದಿದ್ದೇನೆ. ಸಂಘಗಳಿಗೆ ಹೋದಾಗೆಲ್ಲ ಯಾರಾದರೊಬ್ಬರು, "ಡಾಕ್ಟ್ರೇ, ಮೆಡಿಕಲ್ ಸ್ಟೋರಿನಲ್ಲಿ ಕಾಲಿಗೆ ಬಿಗಿ ಸಾಕ್ಸ್ ಮಾರ್ತಾರಲ್ಲ, ತಗೋಬಹುದಾ?" ಎಂದು ಕೇಳುತ್ತಿದ್ದಾರೆ. ಕಂಪ್ರೆಷನ್ ಸಾಕ್ಸ್ ಎಂದು ಅದರ ಹೆಸರು. ನಾವು ಬಿಗಿ ಕಾಲುಚೀಲ ಎನ್ನೋಣ. ನಾನು ಓದಿದ್ದು ದನಗಳ ವೈದ್ಯಕೀಯ. ನಿಮ್ಮ ಕಾಯಿಲೆ ಇಂಥದ್ದೇ ಎಂದು ಹೇಳುವುದು ನಿಮ್ಮ ವೈದ್ಯರ ಕೆಲಸ, ಅದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಕಾಲಿನಿಂದ ರಕ್ತ ಮೇಲಕ್ಕೆ ಹತ್ತುವ ಲೆಕ್ಕ ಹಸುವಿಗೂ ನಮಗೂ ಹೆಚ್ಚು ಕಡಿಮೆ ಒಂದೇ. ಕಾಲಿಗೆ ಪಟ್ಟಿ ಸುತ್ತುವುದಂತೂ ನಾನು ಮಾಡಿಕೊಂಡು ಬಂದಿರುವ ಕೆಲಸ. ಆ ಧೈರ್ಯದ ಮೇಲೆ ಮಾತಾಡುತ್ತಿದ್ದೇನೆ.

ಕಾಲಿನ ದೂರು ನಮ್ಮಲ್ಲಿ ಹೊಸದಲ್ಲ. ನಸುಕಿನಲ್ಲೆದ್ದು ಕುಕ್ಕರುಗಾಲಲ್ಲಿ ಕೂತು ಎರಡು ಮೂರು ಹಸು ಕರೆಯುವ ತಾಯಂದಿರು, ಡೇರಿಯ ಸಿಮೆಂಟು ನೆಲದ ಮೇಲೆ ಎರಡು ಹೊತ್ತೂ ನಿಂತೇ ಹಾಲು ಅಳೆಯುವವರು ಮತ್ತು ಫ್ಯಾಟ್ ನೋಡುವವರು, ಅರಕಲಗೂಡು ಕಡೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿ ಬೆಂಕಿ ಕಾಯುವವರು, ಹಾಲಿನ ಲಾರಿ ಓಡಿಸುವವರು, ಇವರೆಲ್ಲ ಹೇಳುವುದು ಒಂದೇ ಮಾತು. ಸಂಜೆಯಾದರೆ ಕಾಲು ಗುಂಡುಕಲ್ಲು ಕಟ್ಟಿದ ಹಾಗೆ ಭಾರ. ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತದೆ. ಕೆಲವರಿಗೆ ಮಂಡಿಯ ಕೆಳಗೆ ನೀಲಿ ನರ ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತದೆ.

ನಾವು ನರ ಎನ್ನುವುದು ನಿಜವಾಗಿ ರಕ್ತನಾಳ. ಹಸು ಕೊಳ್ಳಲು ಹೋದಾಗ ಹೊಟ್ಟೆಯಡಿ ಹಾಲಿನ ನರ ದಪ್ಪಗೆ, ಸೊಟ್ಟಸೊಟ್ಟಗೆ ಇದ್ದರೆ ಹಿಗ್ಗುತ್ತೇವೆ. ಒಂದು ಲೀಟರ್ ಹಾಲು ಆಗಬೇಕಾದರೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿದುಹೋಗಬೇಕು. ಆ ರಕ್ತ ಹಿಂದಿರುಗುವ ದಾರಿಗಳಲ್ಲಿ ಹಾಲಿನ ನರವೂ ಒಂದು. ದಾರಿ ಅಗಲವಾಗಿದ್ದಷ್ಟೂ ಒಳ್ಳೆಯದು. ಮನುಷ್ಯನ ಕಾಲಿನಲ್ಲಿ ನರ ಹಾಗೆ ಉಬ್ಬಿದರೆ ಮಾತ್ರ ಅರ್ಥ ಬೇರೆ. ಹಿಂದಿರುಗಬೇಕಾದ ರಕ್ತ ಅಲ್ಲೇ ನಿಲ್ಲುತ್ತಿದೆ ಎಂದು ತಿಳಿಯಬೇಕು. ವೈದ್ಯರು ಇದಕ್ಕೆ ವೇರಿಕೋಸ್ ವೇನ್ ಎನ್ನುತ್ತಾರೆ.

ರಕ್ತ ಪಾದಕ್ಕೆ ಇಳಿಯುವುದು ಸುಲಭ, ಹೃದಯ ತಳ್ಳುತ್ತದೆ. ಪಾದದಿಂದ ಎದೆಯವರೆಗೆ ವಾಪಸು ಹತ್ತುವುದೇ ಕಷ್ಟ. ಅದಕ್ಕೆ ಎರಡು ಏರ್ಪಾಡುಗಳಿವೆ. ಒಂದು, ನಾವು ಹೆಜ್ಜೆ ಇಟ್ಟಾಗೆಲ್ಲ ಮೀನಖಂಡ ಬಿಗಿಯಾಗಿ ಒಳಗಿನ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಮೊಲೆ ಹಿಂಡಿದಂತೆಯೇ. ಇನ್ನೊಂದು, ಚಿಮ್ಮಿದ ರಕ್ತ ಕೆಳಗೆ ಬೀಳದಂತೆ ನಾಳದೊಳಗೆ ಸಣ್ಣ ಕವಾಟಗಳಿವೆ, ಬೋರ್‌ವೆಲ್ ಪೈಪಿನಲ್ಲಿ ಇರುತ್ತದಲ್ಲ, ಆ ವಾಲ್ವಿನ ಹಾಗೆ. ಅಲ್ಲಾಡದೆ ನಿಂತವರ ಕಾಲಿನ ಗಿಣ್ಣಿನ ಬಳಿ ಈ ನಾಳದೊಳಗಿನ ಒತ್ತಡ ಬಿ.ಪಿ. ಅಳೆಯುವ ಲೆಕ್ಕದಲ್ಲೇ ಸುಮಾರು 80ರಿಂದ 90 ಮಿಲಿಮೀಟರ್ ಇರುತ್ತದೆ. ಅದೇ ಮನುಷ್ಯ ನಡೆಯತೊಡಗಿದರೆ 30ರ ಆಸುಪಾಸಿಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ದಿನವೆಲ್ಲ ಓಡಾಡುವವರಿಗಿಂತ ನಿಂತಲ್ಲೇ ನಿಲ್ಲುವವರ ಕಾಲು ಹೆಚ್ಚು ಊದುವುದು ಇದರಿಂದಲೇ. ವರ್ಷಗಟ್ಟಲೆ ಹೀಗೇ ಆದರೆ, ಮನೆತನದಲ್ಲಿ ಬಂದಿದ್ದರೆ, ಹೆಂಗಸರಿಗೆ ಎರಡು ಮೂರು ಬಸಿರಾದ ಮೇಲೆ, ನಾಳ ಹಿಗ್ಗಿ ಕವಾಟ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಬಿಗಿ ಕಾಲುಚೀಲ ಮಾಡುವುದು ಇಷ್ಟೇ: ಹೊರಗಿನಿಂದ ಒತ್ತಿ ಹಿಡಿದು ಹಿಗ್ಗಿದ ನಾಳವನ್ನು ಕಿರಿದು ಮಾಡುತ್ತದೆ, ಮೀನಖಂಡದ ಹಿಂಡುವಿಕೆಗೆ ಬಲ ಕೊಡುತ್ತದೆ. ಜಿರಾಫೆಗೆ ಇದು ಹುಟ್ಟಿನಿಂದಲೇ ಇದೆ. ಅಷ್ಟೆತ್ತರದ ಪ್ರಾಣಿಯ ಕಾಲು ಊದದಿರುವುದಕ್ಕೆ ಅದರ ಕಾಲಿನ ದಪ್ಪ ಬಿಗಿ ಚರ್ಮವೂ ಒಂದು ಕಾರಣ. ಮನುಷ್ಯರಿಗೆ ಈಗಿನ ಮಾದರಿಯ ಕಾಲುಚೀಲ ಬಂದದ್ದು 1950ರ ಸುಮಾರಿಗೆ. ಅಮೆರಿಕದಲ್ಲಿದ್ದ ಕಾನ್ರಾಡ್ ಯಾಬ್‌ಸ್ಟ್ ಎಂಬ ಎಂಜಿನಿಯರಿಗೆ ಕಾಲಿನ ರಕ್ತನಾಳದ ತೊಂದರೆ ಇತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಕಡಿಮೆಯಾಗುವುದನ್ನು ಅವರು ಗಮನಿಸಿದರು. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚು, ಒಂದು ಅಡಿಗೆ ಸುಮಾರು 22 ಮಿಲಿಮೀಟರ್. ಹೇಮಾವತಿಯಲ್ಲಿ ಸೊಂಟದ ಮಟ್ಟ ನಿಂತು ರಾಸು ತೊಳೆದವರಿಗೆ ಕಾಲು ಹಗುರಾದ ಅನುಭವ ಇದ್ದೇ ಇರುತ್ತದೆ. ಪಾದದ ಬಳಿ ಹೆಚ್ಚು ಒತ್ತಡ, ಮೇಲೆ ಬಂದಂತೆ ಕಡಿಮೆ. ಈ ಲೆಕ್ಕವನ್ನೇ ಅವರು ಕಾಲುಚೀಲದ ನೇಯ್ಗೆಯಲ್ಲಿ ತಂದರು.

ಗಿಣ್ಣಿನ ಬಳಿ ಹೆಚ್ಚು ಬಿಗಿ, ಮಂಡಿಯ ಕೆಳಗೆ ಕಡಿಮೆ ಬಿಗಿ. ಇದೊಂದು ನೆನಪಿದ್ದರೆ ಅರ್ಧ ವಿದ್ಯೆ ಬಂದ ಹಾಗೆ. ಒದೆಯುವ ಹಸುವಿನ ಹಿಂಗಾಲಿಗೆ ಹಗ್ಗ ಬಿಗಿದು ಬಿಚ್ಚಲು ಮರೆತರೆ ಏನಾಗುತ್ತದೆಂದು ನೀವು ನೋಡಿದ್ದೀರಿ. ಹಗ್ಗದ ಕೆಳಗಿನ ಭಾಗ ಬಾತುಕೊಳ್ಳುತ್ತದೆ. ಮೇಲೆ ಬಿಗಿ, ಕೆಳಗೆ ಸಡಿಲ ಇರುವ ಕಾಲುಚೀಲವೂ ಹಗ್ಗವೇ. ಚನ್ನರಾಯಪಟ್ಟಣ ಕಡೆಯ ಒಬ್ಬ ಹಾಲು ಪರೀಕ್ಷಕರು ಬಿಗಿ ಕಾಲುಚೀಲ ಹಾಕಿಯೂ ಊತ ಜಾಸ್ತಿಯಾಯಿತೆಂದು ನನಗೆ ತೋರಿಸಿದರು. ಉದ್ದ ಹೆಚ್ಚಾಯಿತೆಂದು ಮೇಲಿನ ಅಂಚನ್ನು ಎರಡು ಸುತ್ತು ಮಡಚಿಕೊಂಡಿದ್ದರು. ಮಡಚಿದ ಕಡೆ ಒತ್ತಡ ಎರಡರಷ್ಟು, ಮೂರರಷ್ಟು. ಮಂಡಿಯ ಕೆಳಗೆ ಬಳೆ ತೊಡಿಸಿದ ಹಾಗೆ ಕೆಂಪು ಗುರುತು ಬಿದ್ದಿತ್ತು. ಅಳತೆಗೆ ಸರಿಯಾದ ಜೊತೆ ತಂದ ಮೇಲೆ ಅವರ ದೂರು ನಿಂತಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ದುಡ್ಡು ಬಿಚ್ಚುವ ಮುಂಚೆ ನಿಮ್ಮ ಕಾಲು ಏಕೆ ಊದಿದೆ ಎಂದು ಗೊತ್ತಾಗಬೇಕು. ಕರು ಹಾಕುವ ಮುಂಚೆ ಕೆಚ್ಚಲು ಊದಿದಾಗ ಹೆಬ್ಬೆರಳಲ್ಲಿ ಒತ್ತಿ ಗುಳಿ ಬೀಳುತ್ತದೆಯೇ ಎಂದು ನೋಡುತ್ತೇವೆ. ನಿಮ್ಮ ಕಾಲಿನ ಮುಂಭಾಗದ ಎಲುಬಿನ ಮೇಲೆ ಹಾಗೇ ಒತ್ತಿ ನೋಡಿ. ಗುಳಿ ಬಿದ್ದರೆ ನೀರು ತುಂಬಿದೆ ಎಂದರ್ಥ. ಆ ನೀರು ಬರೀ ನಿಂತು ನಿಂತು ಬಂದಿರಬಹುದು, ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿಂದಲೂ ಬಂದಿರಬಹುದು. ಬೆಳಿಗ್ಗೆ ಏಳುವಾಗಲೇ ಮುಖ, ಕಣ್ಣಿನ ರೆಪ್ಪೆ ಊದಿದ್ದರೆ, ಮಲಗಿದರೆ ಉಸಿರು ಕಟ್ಟಿದರೆ, ಅಂಥವರು ಕಾಲುಚೀಲದ ಅಂಗಡಿಗೆ ಹೋಗಬಾರದು, ಆಸ್ಪತ್ರೆಗೆ ಹೋಗಬೇಕು. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರಿಗೆ ಗಿಣ್ಣು ಊದುವುದುಂಟು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತಿಳಿಸಿ. ಬಸುರಿ ಹೆಣ್ಣುಮಕ್ಕಳಿಗೆ ಸಂಜೆ ಪಾದ ಊದುವುದು ಸಾಮಾನ್ಯ. ಜೊತೆಗೆ ವಿಪರೀತ ತಲೆನೋವು, ಕಣ್ಣು ಮಂಜು, ಕೈ ಮುಖದ ಊತ ಬಂದರೆ ಅದೇ ದಿನ ಬಿ.ಪಿ. ತೋರಿಸಬೇಕು.

ಎರಡು ಕಾಲುಗಳಲ್ಲಿ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಾ, ಮುಟ್ಟಿದರೆ ಬಿಸಿಯಾಗಿದ್ದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಿಕ್ಕಬಾರದು, ಎಣ್ಣೆ ನೀವಬಾರದು, ಮನೆಯಲ್ಲೇ ಬಿಗಿ ಕಾಲುಚೀಲ ಏರಿಸಬಾರದು. ಹೆಪ್ಪಿನ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಬರುತ್ತದೆ. ಇದ್ದಕ್ಕಿದ್ದಂತೆ ಉಸಿರು ಸಾಲದಾದರೆ, ಎದೆ ಚುಚ್ಚಿದರೆ 108ಕ್ಕೆ ಕರೆ ಮಾಡಿ. ಹಾಲು ಕರೆದಾದ ಮೇಲೆ ಹೋಗೋಣ ಎನ್ನುವ ಕಾಯಿಲೆ ಇದಲ್ಲ.

ಇನ್ನು ಬೀಡಿ. ಈ ಮಾತು ಗಂಡಸರಿಗೆ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟು, ಮತ್ತೆ ನಡೆದರೆ ಹಿಡಿಯುವ ನೋವು ಇದೆಯೇ? ಪಾದ ತಣ್ಣಗಿದೆಯೇ, ಬೆರಳ ತುದಿ ಕಪ್ಪಾಗುತ್ತಿದೆಯೇ, ಗಾಯ ಮಾಯುತ್ತಿಲ್ಲವೇ? ಹಾಗಿದ್ದರೆ ನಿಮ್ಮ ತೊಂದರೆ ರಕ್ತ ವಾಪಸು ಹೋಗುವ ನಾಳದ್ದಲ್ಲ, ರಕ್ತ ಇಳಿದು ಬರುವ ನಾಳದ್ದು. ಬೀಡಿ, ಸಿಗರೇಟು ಸೇದುವವರಿಗೆ ಆ ನಾಳ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಒಂದು ಬಗೆಯನ್ನು ಬರ್ಜರ್ ಕಾಯಿಲೆ ಎನ್ನುತ್ತಾರೆ, ಅದು ಇನ್ನೂ ಮೂವತ್ತು ನಲವತ್ತರ ವಯಸ್ಸಿನವರ ಕಾಲಿಗೇ ಬರುತ್ತದೆ. ಮೊದಲೇ ರಕ್ತ ಸಾಲದ ಕಾಲಿಗೆ ಬಿಗಿ ಕಾಲುಚೀಲ ಹಾಕಿದರೆ ಇರುವ ರಕ್ತವನ್ನೂ ನಿಲ್ಲಿಸಿದಂತಾಗುತ್ತದೆ. ಕಾಲು ಕಳೆದುಕೊಳ್ಳುವವರೆಗೆ ಹೋಗಬಹುದು. ಆಸ್ಪತ್ರೆಯಲ್ಲಿ ತೋಳಿನ ಬಿ.ಪಿ.ಯನ್ನೂ ಗಿಣ್ಣಿನ ಬಿ.ಪಿ.ಯನ್ನೂ ಅಳೆದು ಹೋಲಿಸಿ ನೋಡುತ್ತಾರೆ, ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಬೀಡಿ ಸೇದುವವರು ಅದನ್ನು ಮಾಡಿಸದೆ ಬಿಗಿ ಕಾಲುಚೀಲ ಮುಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಸಕ್ಕರೆ ಕಾಯಿಲೆಯವರಿಗೂ ಇದೇ ಮಾತು. ಕತ್ತಿನ ಹಗ್ಗ ಉಜ್ಜಿದರೆ ಹಸು ತಲೆ ಒದರಿ ತಿಳಿಸುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದಕ್ಕೆ ಅರಿವೇ ಇರುವುದಿಲ್ಲ. ಕಾಲುಚೀಲದ ಒಂದು ಸುಕ್ಕು ಚರ್ಮ ಕೊರೆದರೂ ಗೊತ್ತಾಗುವುದಿಲ್ಲ.

ಈ ಯಾವ ತೊಂದರೆಯೂ ಇಲ್ಲ, ಬರೀ ನಿಂತು ಕೂತು ಕಾಲು ಭಾರ ಎನ್ನುವವರು ಆರಿಸುವಾಗ ಡಬ್ಬಿಯ ಮೇಲಿನ ಸಂಖ್ಯೆ ನೋಡಬೇಕು. ಹಾಲಿಗೆ ಫ್ಯಾಟ್ ಹೇಗೋ ಕಾಲುಚೀಲಕ್ಕೆ ಪಾದರಸದ ಮಿಲಿಮೀಟರ್ ಹಾಗೆ. 8ರಿಂದ 15 ಎಂದಿದ್ದರೆ ಬಹಳ ಹಗುರ. 15ರಿಂದ 20 ಎಂದಿದ್ದರೆ ದಿನಬಳಕೆಗೆ, ಪ್ರಯಾಣಕ್ಕೆ ಸಾಕು. 20ರಿಂದ 30 ಎನ್ನುವುದು ಉಬ್ಬಿದ ನರ, ಗಿಣ್ಣಿನ ಬಳಿಯ ಹುಣ್ಣು ಇರುವವರಿಗೆ ವೈದ್ಯರು ಹೇಳಿದ ಮೇಲೆ. 30ರಿಂದ 40 ಅಂತೂ ಚೀಟಿಯಿಲ್ಲದೆ ಕೇಳಲೇಬಾರದು. ಕೆಲವು ಡಬ್ಬಿಗಳ ಮೇಲೆ ಕ್ಲಾಸ್ ಒಂದು, ಕ್ಲಾಸ್ ಎರಡು ಎಂದಷ್ಟೇ ಇರುತ್ತದೆ. ಅದನ್ನು ನಂಬಿ ಕೂರಬೇಡಿ. ಬ್ರಿಟಿಷರ ಕ್ಲಾಸ್ ಎರಡು 18ರಿಂದ 24, ಜರ್ಮನಿಯ ಕ್ಲಾಸ್ ಎರಡು 23ರಿಂದ 32. ಸಂಖ್ಯೆಯೇ ಬರೆಯದ, ಬರೀ ಸಪೋರ್ಟ್ ಸಾಕ್ಸ್ ಎಂದು ಮುದ್ರಿಸಿದ್ದನ್ನು ನಾನಾದರೆ ಕೊಳ್ಳುವುದಿಲ್ಲ. ಫ್ಯಾಟ್ ನೋಡದೆ ಹಾಲಿಗೆ ಬೆಲೆ ಕಟ್ಟಿದ ಹಾಗೆ ಅದು. ಹೆಚ್ಚು ಬಿಗಿ ಇದ್ದರೆ ಹೆಚ್ಚು ಗುಣ ಎಂಬ ಲೆಕ್ಕವೂ ಇಲ್ಲಿಲ್ಲ. ಹಾಕಲಾರದಷ್ಟು ಬಿಗಿಯಾದದ್ದು ಮೂರನೇ ದಿನಕ್ಕೆ ಪೆಟ್ಟಿಗೆ ಸೇರುತ್ತದೆ.

ಅಳತೆಯನ್ನು ಚಪ್ಪಲಿ ನಂಬರಿನಿಂದ ಹೇಳಬೇಡಿ. ಟೈಲರ್ ಟೇಪು ತೆಗೆದುಕೊಂಡು ಬೆಳಿಗ್ಗೆ ಎದ್ದ ಕೂಡಲೇ, ಊತ ಇಳಿದಿರುವಾಗ, ಗಿಣ್ಣಿನ ಮೂಳೆಯ ಮೇಲೆ ಅತಿ ಸಣ್ಣಗಿರುವ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ಕೂತುಕೊಂಡು ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗಿನ ಉದ್ದ, ಈ ಮೂರನ್ನೂ ಎರಡೂ ಕಾಲಿಗೆ ತೆಗೆದು ಚೀಟಿಯಲ್ಲಿ ಬರೆದುಕೊಳ್ಳಿ. ಡಬ್ಬಿಯ ಹಿಂದೆ ಅಳತೆಯ ಪಟ್ಟಿ ಇರುತ್ತದೆ. ಗಿಣ್ಣಿನ ಅಳತೆ ಒಂದು ಸೈಜಿಗೂ ಮೀನಖಂಡದ್ದು ಇನ್ನೊಂದಕ್ಕೂ ಬಂದರೆ ಬೇರೆ ಕಂಪನಿಯದು ನೋಡಿ, ಎಳೆದು ಹೊಂದಿಸಲು ಹೋಗಬೇಡಿ. ನಮ್ಮ ಬಹುಪಾಲು ತೊಂದರೆಗೆ ಮಂಡಿಯ ಕೆಳಗಿನವರೆಗೆ ಬರುವುದೇ ಸಾಕು. ತೊಡೆಯವರೆಗಿನದು ಕೂತೆದ್ದು ಕೆಲಸ ಮಾಡುವವರಿಗೆ ಜಾರಿ ಸುರುಳಿಯಾಗುತ್ತದೆ.

ಬೆರಳು ಮುಚ್ಚಿದ್ದು, ಬೆರಳು ತೆರೆದದ್ದು ಎಂದು ಎರಡು ಬಗೆ ಸಿಗುತ್ತದೆ. ನಮ್ಮ ತಾಯಂದಿರಿಗೆ ತೆರೆದದ್ದೇ ವಾಸಿ ಎಂದು ನನ್ನ ಅಭಿಪ್ರಾಯ. ಕಾಲುಂಗುರದ ಮೇಲೆ ಬಿಗಿ ಬಟ್ಟೆ ಬಿದ್ದರೆ ಉಂಗುರ ಬೆರಳಿಗೆ ಒತ್ತುತ್ತದೆ. ತೆರೆದದ್ದಾದರೆ ಹವಾಯಿ ಚಪ್ಪಲಿಯೂ ಹಾಕಬಹುದು, ಬೆರಳಿನ ಬಣ್ಣವೂ ಕಾಣುತ್ತದೆ. ಕಾಲುಚೈನನ್ನು ಮಾತ್ರ ಒಳಗೆ ಸೇರಿಸಬೇಡಿ. ಬಟ್ಟೆ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ಎಳೆಯದಾಗಿರುತ್ತದೆ. ಬರೀ ಹತ್ತಿಯಲ್ಲಿ ಆ ಹಿಡಿತ ಬರುವುದಿಲ್ಲ. ಚರ್ಮ ಕಡಿಯುವವರು ಹತ್ತಿ ಬೆರೆತದ್ದು ಕೇಳಿ. ಅಂದಹಾಗೆ, ಶ್ರವಣಬೆಳಗೊಳದಲ್ಲಿ ಬಂಡೆ ಕಾಯುತ್ತದೆಂದು ವಿಂಧ್ಯಗಿರಿ ಹತ್ತುವವರು ಹಾಕಿಕೊಳ್ಳುವ ಕಾಲುಚೀಲ ಬೇರೆ, ಇದು ಬೇರೆ. ಇದನ್ನು ಹಾಕಿಕೊಂಡು ಬರಿಗಾಲಲ್ಲಿ ಬೆಟ್ಟ ಹತ್ತಿದರೆ ಅಡಿ ಹರಿದು ಹೋಗುತ್ತದೆ.

ಹಾಕುವ ಕ್ರಮ ಹೇಳುತ್ತೇನೆ. ಊತ ಬರುವ ಮುಂಚೆ, ಎದ್ದ ಕೂಡಲೇ ಹಾಕಬೇಕೆಂಬುದು ನಿಯಮ. ಕೊಟ್ಟಿಗೆಯಲ್ಲಿ ಸಗಣಿ, ಗಂಜಲ, ನೀರು. ನೆಂದ ಕಾಲುಚೀಲದಲ್ಲಿ ಬೆರಳ ಸಂದಿಗೆ ಕೆಸರುಹುಣ್ಣು ಬರುವುದು ಖಂಡಿತ. ಆದ್ದರಿಂದ ಕೊಟ್ಟಿಗೆ ಕೆಲಸ ಮುಗಿಸಿ, ಕಾಲು ತೊಳೆದು ಬೆರಳ ಸಂದಿಯೂ ಒಣಗುವಂತೆ ಒರೆಸಿ, ಹತ್ತು ಹದಿನೈದು ನಿಮಿಷ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಿ, ಆಮೇಲೆ ಹಾಕಿ. ಕಾಲುಚೀಲವನ್ನು ಹಿಮ್ಮಡಿಯವರೆಗೆ ಒಳಮೈ ಹೊರಗೆ ಬರುವಂತೆ ತಿರುವಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ತನ್ನಿ. ಅಂಚು ಹಿಡಿದು ಜಗ್ಗಬೇಡಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಅಂಗೈಯಲ್ಲೇ ಸವರಿ ಏರಿಸಬಹುದು, ಉಗುರು ತಾಗಿ ಹರಿಯುವುದಿಲ್ಲ. ಬೆರಳು ತೆರೆದದ್ದಾದರೆ ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಕವರ್ ತೊಡಿಸಿ ಅದರ ಮೇಲೆ ಜಾರಿಸಿ, ಆಮೇಲೆ ಕವರನ್ನು ಬೆರಳ ಕಡೆಯಿಂದ ಎಳೆದುಬಿಡಿ. ಮೇಲಿನ ಅಂಚು ಮಂಡಿಯ ಮಡಿಕೆಯಿಂದ ಎರಡು ಬೆರಳು ಕೆಳಗೆ ನಿಲ್ಲಬೇಕು. ಸುಕ್ಕು ಇರಬಾರದು. ರಾತ್ರಿ ಮಲಗುವಾಗ ತೆಗೆದು ಪಾದ ನೋಡಿಕೊಳ್ಳಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ, ನೋವು ಬಂದರೆ ಹೊತ್ತು ನೋಡದೆ ತೆಗೆಯಿರಿ.

ಕಾಲುಚೀಲ ದುಬಾರಿಯೆಂದು ಕ್ರೇಪ್ ಬ್ಯಾಂಡೇಜು ಸುತ್ತುವವರಿದ್ದಾರೆ. ತಪ್ಪೇನಿಲ್ಲ, ಸುತ್ತಲು ಬರಬೇಕು. ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿ ಮುಚ್ಚಿ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಮೇಲಕ್ಕೆ ಬರಬೇಕು. ಹಿಮ್ಮಡಿ ಬಿಟ್ಟು ಗಿಣ್ಣಿನ ಮೇಲಿಂದ ಸುತ್ತಿದರೆ ಪಾದವೆಲ್ಲ ಬೋಂಡದ ಹಾಗೆ ಊದುತ್ತದೆ. ಒಂದೆರಡು ಗಂಟೆ ಓಡಾಡಿದರೆ ಪಟ್ಟಿ ಸಡಿಲವಾಗುತ್ತದೆ, ಮತ್ತೆ ಸುತ್ತಬೇಕು. ದಿನಾ ಬಳಸುವವರಿಗೆ ಕಾಲುಚೀಲವೇ ಅನುಕೂಲ.

ಪ್ರಯಾಣದ ಮಾತು. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ನಾಲ್ಕು ಗಂಟೆ ಮೀರಿ ಕೂತೇ ಪ್ರಯಾಣ ಮಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಬಸ್ಸು, ರೈಲು, ಕಾರು, ವಿಮಾನ ಯಾವುದಾದರೂ ಅಷ್ಟೇ. ಹೆದರಬೇಡಿ, ಎರಡು ಪಟ್ಟಾದರೂ ಸುಮಾರು ಆರು ಸಾವಿರ ಜನಕ್ಕೆ ಒಬ್ಬರಿಗೆ ಎಂಬ ಲೆಕ್ಕ. ಆರೋಗ್ಯವಾಗಿರುವವರು ಆಗಾಗ ಎದ್ದು ಓಡಾಡಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ನೀರು ಕುಡಿದರೆ ಸಾಕು. ಬಸ್ಸಿನಲ್ಲಿ ಮೂತ್ರಕ್ಕೆ ತೊಂದರೆಯೆಂದು ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಹೊರಡುತ್ತಾರೆ, ಅದು ಒಳ್ಳೆಯದಲ್ಲ. ಮಕ್ಕಳನ್ನು ನೋಡಲು ಅಮೆರಿಕಕ್ಕೆ, ದುಬೈಗೆ ಹೋಗಿಬರುವ ತಂದೆತಾಯಿಗಳು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅಂಥ ದೂರದ ವಿಮಾನ ಪ್ರಯಾಣದಲ್ಲಿ ಅಳತೆಗೆ ಸರಿಯಾದ ಕಾಲುಚೀಲ ಹಾಕಿದವರಿಗೆ ಊತವೂ ಹೆಪ್ಪೂ ಕಡಿಮೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಹಿಂದೆ ಹೆಪ್ಪುಗಟ್ಟಿದ್ದವರು, ಹೊಸದಾಗಿ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ ಹೊರಡಲಿ. ಹೊಸ ಜೊತೆಯನ್ನು ಪ್ರಯಾಣದ ದಿನವೇ ಮೊದಲ ಸಲ ಹಾಕಬೇಡಿ. ಒಂದು ವಾರ ಮನೆಯಲ್ಲಿ ಹಾಕಿ ನೋಡಿ. ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಸಾಲು ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ.

ಕಾಲುಚೀಲದಿಂದ ಉಬ್ಬಿದ ನರ ಮಾಯವಾಗುವುದಿಲ್ಲ. ತೆಗೆದರೆ ಮತ್ತೆ ಉಬ್ಬುತ್ತದೆ. ಗಿಣ್ಣಿನ ಒಳಬದಿ ಚರ್ಮ ಕಪ್ಪಾಗಿ, ಕಡಿತ ಬಂದು, ಹುಣ್ಣಾಗುವ ಮುಂಚೆ ಶಸ್ತ್ರವೈದ್ಯರಿಗೆ ತೋರಿಸಿ. ಈಗ ಲೇಸರ್ ಚಿಕಿತ್ಸೆಯೂ ಇದೆ. 2003ರಲ್ಲಿ ಸಹಕಾರಿ ಸದಸ್ಯರಿಗೆಂದು ಶುರುವಾಗಿ, 2018ರಲ್ಲಿ ನಿಂತು, 2023ರಿಂದ ಮತ್ತೆ ನಡೆಯುತ್ತಿರುವ ಯಶಸ್ವಿನಿಯ ಕಾರ್ಡು ಇರುವವರು ನಿಮ್ಮ ಚಿಕಿತ್ಸೆ ಅದರ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯಲ್ಲಿ ದಾಖಲಾಗುವ ಮುಂಚೆಯೇ ಕೇಳಿಕೊಳ್ಳಿ. ಉಬ್ಬಿದ ನರಕ್ಕೆ ಹಸುವಿನ ಕಾಲು ತಾಗಿಯೋ ಮುಳ್ಳು ಗೀರಿಯೋ ರಕ್ತ ಚಿಮ್ಮಿದರೆ ಗಾಬರಿಯಾಗಬೇಡಿ. ನಿಂತಿರಬೇಡಿ, ಅಲ್ಲೇ ಮಲಗಿ ಕಾಲು ಮೇಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ.

ಎರಡು ಜೊತೆ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು. ಸಾಧಾರಣ ಸೋಪಿನಲ್ಲಿ ಕೈಯಲ್ಲೇ ಒಗೆದು, ಹಿಂಡದೆ, ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ. ಕಲ್ಲಿಗೆ ಬಡಿದರೆ, ಬಿಸಿನೀರಿಗೆ ಹಾಕಿದರೆ, ಬಿಸಿಲಿಗೆ ಹರವಿದರೆ ಎಳೆ ಸಡಿಲವಾಗುತ್ತದೆ. ದಿನಾ ಹಾಕಿದರೆ ಮೂರರಿಂದ ಆರು ತಿಂಗಳಿಗೆ ಹಿಡಿತ ಕಡಿಮೆಯಾಗುತ್ತದೆ. ಹರಿಯದಿದ್ದರೂ, ಹಾಕುವುದು ಬಹಳ ಸುಲಭವಾಗಿಬಿಟ್ಟಿತು ಎನಿಸಿದ ದಿನ ಅದರ ಕಾಲ ಮುಗಿಯಿತೆಂದು ತಿಳಿಯಿರಿ.

ಸಂಜೆ ಹಾಲಿಗೆ ಹೊತ್ತಾಗುತ್ತಿದೆ, ಪ್ರಶ್ನೆಗಳಿದ್ದರೆ ಡೇರಿಯ ಹತ್ತಿರವೇ ಸಿಗುತ್ತೇನೆ. ಒಂದು ಟೈಲರ್ ಟೇಪನ್ನೂ ಅಳತೆ ಬರೆಯುವ ಚೀಟಿಗಳನ್ನೂ ಕಾರ್ಯದರ್ಶಿಗಳ ಬಳಿ ಬಿಟ್ಟು ಹೋಗುತ್ತಿದ್ದೇನೆ. ಈ ಹೊತ್ತಿನಲ್ಲಿ ಅಳೆಯಬೇಡಿ, ಕಾಲು ಊದಿರುತ್ತದೆ. ಇವತ್ತು ಟೇಪು ಒಬ್ಬರು ಮನೆಗೆ ಒಯ್ದು, ನಾಳೆ ಹಾಸಿಗೆಯಿಂದ ಇಳಿಯುವ ಮುಂಚೆ ಅಳೆದುಕೊಂಡು, ಬೆಳಗಿನ ಹಾಲಿನ ಜೊತೆ ತಂದು ಮುಂದಿನವರಿಗೆ ಕೊಡಿ.